ಹೊಲಿದ ನರ್ಸಿಂಗ್ ಪ್ಯಾಡ್ ಸೋರುವುದು ನಿಂತಿದ್ದು ಹೀಗೆ

ಮನೆಯಲ್ಲೇ ಹೊಲಿದ ನರ್ಸಿಂಗ್ ಪ್ಯಾಡ್ (ಎದೆಹಾಲು ಸೋರಿದರೆ ಹೀರಿಕೊಳ್ಳಲು ಬ್ರಾ ಒಳಗೆ ಇಡುವ ಬಟ್ಟೆ) ಹಾಕಿಕೊಂಡರೂ ಮೇಲಿನ ಬಟ್ಟೆ ಒದ್ದೆಯಾಗುತ್ತಿತ್ತು. ಇನ್ನೊಂದು ಪದರ ಸೇರಿಸಿದೆ. ಪ್ಯಾಡ್ ದಪ್ಪ ಆಯಿತೇ ಹೊರತು ಸೋರುವುದು ನಿಲ್ಲಲಿಲ್ಲ. ಒದ್ದೆ ಪ್ಯಾಡನ್ನು ತಿರುಗಿಸಿ ಬೆಳಕಿಗೆ ಹಿಡಿದಾಗ ಕಾರಣ ಕಾಣಿಸಿತು: ಪದರಗಳು ಜರುಗದಿರಲಿ ಅಂತ ನಡುವೆ ಹಾಕಿದ್ದ ಹೊಲಿಗೆಯ ಉದ್ದಕ್ಕೂ, ಒಂದೊಂದು ಸೂಜಿ ತೂತಿನಲ್ಲೂ ಹಾಲಿನ ಸಣ್ಣ ಹನಿ ನಿಂತಿತ್ತು. ಹೊರಗಿನ ಪಿಯುಎಲ್ (ಪಾಲಿಯುರೆಥೇನ್ ಪದರ ಅಂಟಿಸಿದ) ಬಟ್ಟೆ ನೀರು ತಡೆಯುತ್ತದೆ ನಿಜ, ಆದರೆ ತೂತು ಬಿದ್ದ ಮೇಲೆ ಏನು ತಡೆದೀತು, ಅಲ್ವಾ?

ಈಗ ಹೀರುವ ಪದರಗಳನ್ನು ಮಾತ್ರ ಮೊದಲು ಒಟ್ಟಿಗೆ ಹೊಲಿಯುತ್ತೇನೆ. ಮೈಗೆ ತಾಗುವ ಕಡೆ ಮೆತ್ತನೆಯ ಹತ್ತಿ ಫ್ಲಾನೆಲ್, ಒಳಗೆ ಹಳೇ ಟರ್ಕಿ ಟವೆಲಿನ ಎರಡು ತುಂಡು. ಪಿಯುಎಲ್ ಸೇರುವುದು ಅಂಚಿನಲ್ಲಷ್ಟೇ, ಜಿಗ್‌ಜ್ಯಾಗ್ ಹೊಲಿಗೆಯಲ್ಲಿ. ಗುಂಡುಪಿನ್ನು ಬೇಡ, ಕ್ಲಿಪ್ ಸಾಕು. ಪಿನ್ನಿನ ತೂತೂ ತೂತೇ.

ಆಕಾರವೂ ಮುಖ್ಯ. ಚಪ್ಪಟೆ ಪ್ಯಾಡ್ ಸುಕ್ಕಾಗಿ ಪಕ್ಕದಿಂದ ಸೋರುತ್ತದೆ. ನಾನು 12 ಸೆಂಟಿಮೀಟರ್ ಅಗಲದ ವೃತ್ತ ಕತ್ತರಿಸಿ, ಅಂಚಿನಿಂದ ನಡುವಿನವರೆಗೆ ಸಣ್ಣ ತ್ರಿಕೋನ ತೆಗೆದು ಆ ಬದಿಗಳನ್ನು ಸೇರಿಸುತ್ತೇನೆ. ಬಟ್ಟಲಿನ ಹಾಗೆ ಗುಂಡಗೆ ಕೂರುತ್ತದೆ. ಈ ಹೊಲಿಗೆ ಪಿಯುಎಲ್‌ನಲ್ಲೂ ಬರುವುದರಿಂದ, ಹೊಲಿಗೆಯ ಬದಿ ಮೇಲ್ಗಡೆ ಇರುವಂತೆ ಹಾಕಿಕೊಳ್ಳಿ. ಹಾಲು ಇಳಿಯುವುದು ಕೆಳಕ್ಕೆ ತಾನೇ.

ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲೇ ಒಗೆದುಬಿಡಿ, ಆಮೇಲೆ ಕುಗ್ಗುವುದಿಲ್ಲ. ಒಗೆಯುವಾಗ ಫ್ಯಾಬ್ರಿಕ್ ಸಾಫ್ಟ್‌ನರ್ ಮಾತ್ರ ಹಾಕಬೇಡಿ, ಹೀರುವ ಗುಣವೇ ಕಡಿಮೆಯಾಗುತ್ತದೆ. ಪಿಯುಎಲ್‌ನಲ್ಲಿ ಗಾಳಿ ಕಡಿಮೆ ಆಡುತ್ತದೆ, ಹಾಗಾಗಿ ಒದ್ದೆಯಾದ ಪ್ಯಾಡನ್ನು ಜಾಸ್ತಿ ಹೊತ್ತು ಬಿಡದೆ ಬದಲಿಸಿ.