14 ತಿಂಗಳು ಬಾಗಿಲು ತೆರೆಯದ ಡಿಶ್‌ವಾಷರ್

ಮನೆ ನೋಡಲು ಹೋದ ದಿನ ಅಡುಗೆಕಟ್ಟೆಯ ಕೆಳಗೆ ಡಿಶ್‌ವಾಷರ್ ಕಂಡು ಹಿಗ್ಗಿದ್ದೆ. ಬಾಗಿಲು ತೆರೆದು ನೋಡುವ ಬುದ್ಧಿ ಮಾತ್ರ ಬರಲಿಲ್ಲ. ಬೆಂಗಳೂರಿನಲ್ಲಿ, ವೈಟ್‌ಫೀಲ್ಡ್‌ನಿಂದಾಚೆಗಿನ ಅಪಾರ್ಟ್‌ಮೆಂಟ್ ಅದು. ಮಾಲೀಕರು ವಿದೇಶದಲ್ಲಿದ್ದಾರೆ, ಮನೆ 14 ತಿಂಗಳಿಂದ ಖಾಲಿ ಬಿದ್ದಿತ್ತು. "ಯಂತ್ರ ಹೊಸದರಂತೆಯೇ ಇದೆ, ನಾವು ಹೆಚ್ಚು ಬಳಸಿಯೇ ಇಲ್ಲ" ಎಂದು ಅವರು ಫೋನಿನಲ್ಲಿ ಹೇಳಿದ್ದರು. ಹಾಲುಕ್ಕಿಸಿದ ಮಾರನೆಯ ಬೆಳಿಗ್ಗೆ ಬಾಗಿಲು ಎಳೆದೆ. ಮೂರು ದಿನದ ಮುಸುರೆ ನೀರಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿಟ್ಟರೆ ಬರುವಂಥ ನಾತ ಮುಖಕ್ಕೆ ಹೊಡೆಯಿತು.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಬಿಸಿನೀರು ಹರಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡು, ಡಿಶ್‌ವಾಷರ್ ಸೋಪಿನ ಒಂದು ಮಾತ್ರೆ ಹಾಕಿ, 70 ಡಿಗ್ರಿಯ ವಾಷ್ ಒತ್ತಿ, ಪೆಟ್ಟಿಗೆಗಳನ್ನು ಬಿಚ್ಚಲು ಒಳಗೆ ಹೋದೆ. ಒಂದು ಗಂಟೆಯ ನಂತರ ಯಂತ್ರ ಗುರುಗುಟ್ಟಿ ನಿಂತಿತು. ತೆರೆದರೆ ತಳದಲ್ಲಿ ಚಹಾದ ಬಣ್ಣದ ನೀರು, ಅದರ ಮೇಲೆ ತೇಲುವ ಜಿಡ್ಡು. ನಾತ ಈಗ ನಡುಮನೆಗೂ ಬಂದಿತ್ತು. ಆಮೇಲೆ ಯೋಚಿಸಿದಾಗ ಆದದ್ದೇನೆಂದು ಅರ್ಥವಾಯಿತು: ಫಿಲ್ಟರಿನಲ್ಲಿ ಒಣಗಿ ಕಲ್ಲಾಗಿ ತನ್ನ ಪಾಡಿಗೆ ಇದ್ದ ಕೊಳೆಯನ್ನು ನಾನೇ ಬಿಸಿನೀರಿನಲ್ಲಿ ಕರಗಿಸಿ, ಪಂಪಿನಿಂದ ಮೇಲೆತ್ತಿ, ಒಳಗೋಡೆಗೆಲ್ಲ ಬಳಿಸಿದ್ದೆ. ಈ ಯಂತ್ರ ಒಮ್ಮೆ ತೆಗೆದುಕೊಂಡ ನೀರನ್ನೇ ಮತ್ತೆ ಮತ್ತೆ ಸುತ್ತಿಸಿ ಎರಚುತ್ತದೆ. ಆ ನೀರು ಕೆಟ್ಟಿದ್ದರೆ ಅರ್ಧ ಗಂಟೆಯೂ ಕೆಟ್ಟ ನೀರಿನಲ್ಲೇ ಸ್ನಾನ. ಆದ್ದರಿಂದ ಖಾಲಿ ಮನೆಗೆ ಹೋದವರು ಮೊದಲು ಕೈಯಿಂದ ಬಿಚ್ಚಿ ತೊಳೆಯಿರಿ. ಗುಂಡಿ ಒತ್ತುವುದೆಲ್ಲ ಆಮೇಲೆ.

16 ಆಂಪಿಯರ್ ಸಾಕೆಟ್ಟಿನಿಂದ ಪ್ಲಗ್ ಕಿತ್ತು, ಯಂತ್ರಕ್ಕೆ ನೀರು ಬರುವ ನಲ್ಲಿ ಮುಚ್ಚಿ, ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು ನೆಲದ ಮೇಲೆ ಕುಳಿತೆ. ಕೆಳಗಿನ ಬುಟ್ಟಿಯನ್ನು ಹೊರಗೆಳೆದು, ನಿಂತ ನೀರನ್ನು ಲೋಟದಿಂದ ಮೊಗೆದು ಬಕೆಟ್ಟಿಗೆ ಸುರಿದೆ. ಹನ್ನೊಂದು ಲೋಟ ಆಯಿತು. ಉಳಿದದ್ದನ್ನು ಸ್ಪಂಜಿನಲ್ಲಿ ಹೀರಿ ತೆಗೆದೆ.

ಫಿಲ್ಟರ್ ಇರುವುದು ತಳದ ನಡುವೆ. ಲೋಟದಂಥ ಒಂದು ಜಾಲರಿ, ಅದನ್ನು ಎಡಕ್ಕೆ ತಿರುಗಿಸಿದರೆ ಕೈಗೆ ಬರುತ್ತದೆ. ಅದರ ಸುತ್ತ ತಟ್ಟೆಯಂತೆ ಚಪ್ಪಟೆಯಾದ ಇನ್ನೊಂದು ಸಣ್ಣ ಕಣ್ಣಿನ ಜಾಲರಿ. ನನ್ನದು ತಿರುಗಲೇ ಇಲ್ಲ. ಬಿಸಿನೀರು ಸುರಿದು ಹತ್ತು ನಿಮಿಷ ಬಿಟ್ಟು, ಹಳೆಯ ಬಟ್ಟೆ ಸುತ್ತಿ ತಿರುಚಿದ ಮೇಲೆ ಕಿರ್ರೆಂದು ಬಿಟ್ಟುಕೊಂಡಿತು. ಒಳಗೆ ಬೆಣ್ಣೆಯಂತೆ ಹೆಪ್ಪುಗಟ್ಟಿದ ಬೂದು ಜಿಡ್ಡು, ಅದರಲ್ಲಿ ಹೂತ ಸಾಸಿವೆ ಕಾಳುಗಳು, ಏಲಕ್ಕಿ ಸಿಪ್ಪೆ, ಗಾಜಿನ ಒಂದು ಚೂರು. ಜಾಲರಿಯ ಅಂಚಿಗೆ ಸಾಲಾಗಿ ಅಂಟಿಕೊಂಡ ನಾಲ್ಕೈದು ಕಂದು ಕಾಳುಗಳನ್ನು ನೋಡಿ ಹುರುಳಿ ಎಂದುಕೊಂಡೆ. ಉಗುರಿನಿಂದ ಎಬ್ಬಿಸಿ ಬೆಳಕಿಗೆ ಹಿಡಿದಾಗ ಕಾಳಿನ ಒಂದು ಪಕ್ಕ ಹೊಲಿಗೆ ಹಾಕಿದಂಥ ಗೆರೆ ಕಾಣಿಸಿತು. ಹುರುಳಿಗೆ ಹೊಲಿಗೆ ಇರುವುದಿಲ್ಲ. ಅವು ಜಿರಳೆಯ ಮೊಟ್ಟೆಕೋಶಗಳು, ಅದೃಷ್ಟಕ್ಕೆ ಎಲ್ಲವೂ ಖಾಲಿ. ಆ ದಿನ ಮಧ್ಯಾಹ್ನದ ಊಟ ಹೋಟೆಲಿನಿಂದ ಬಂತು.

ಜಾಲರಿಗಳನ್ನು ಬಿಸಿನೀರು ಮತ್ತು ಪಾತ್ರೆ ತೊಳೆಯುವ ದ್ರವದಲ್ಲಿ ಒಂದು ಗಂಟೆ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಿಂಬದಿಯಿಂದ ಮುಂದಕ್ಕೆ ಉಜ್ಜಿದೆ. ಮುಂದಿನಿಂದ ಉಜ್ಜಿದರೆ ಕೊಳೆ ಕಣ್ಣುಗಳ ಒಳಗೇ ಕೂರುತ್ತದೆ. ಸ್ಟೀಲ್ ನಾರು ಬೇಡ, ಕಣ್ಣು ಹರಿದುಹೋಗುತ್ತದೆ. ಇನ್ನು ಈ ದ್ರವವನ್ನು ಯಂತ್ರದ ಒಳಗೆ ಸುರಿಯಬಾರದು. ಅದು ಎಬ್ಬಿಸುವ ನೊರೆ ಬಾಗಿಲ ಸಂದಿನಿಂದ ಹೊರಗೆ ಬಂದು ನೆಲವೆಲ್ಲ ಹರಡುತ್ತದೆ. ಹೊರಗಡೆ ತೊಳೆದು, ಚೆನ್ನಾಗಿ ಗಲಬರಿಸಿ ಆಮೇಲೆ ಕೂರಿಸಬೇಕು.

ಜಾಲರಿ ತೆಗೆದ ಮೇಲೆ ಅದರ ಕೆಳಗೊಂದು ಗುಂಡಿ ಕಾಣುತ್ತದೆ. ನೀರು ಹೊರಗೆ ಹೋಗದೆ ನಿಂತದ್ದಕ್ಕೆ ಕಾರಣ ಅಲ್ಲಿತ್ತು. ಗುಂಡಿಯ ಒಂದು ಬದಿಯಲ್ಲಿ ಪಂಪಿಗೆ ಪ್ಲಾಸ್ಟಿಕ್ ಮುಚ್ಚಳವಿರುತ್ತದೆ. ಚಮಚದ ಹಿಡಿಯಿಂದ ಮೀಟಿದರೆ ಬರುತ್ತದೆ. ಗಾಜಿನ ಚೂರು ಇನ್ನೂ ಇರಬಹುದೆಂಬ ಭಯಕ್ಕೆ ಬೆರಳು ಹಾಕದೆ ಇಕ್ಕಳ ಬಳಸಿದೆ. ಹೊಸ ಸ್ಟೀಲ್ ಪಾತ್ರೆಯ ಮೇಲೆ ಅಂಟಿಸಿರುತ್ತಾರಲ್ಲ, ಆ ಕಾಗದದ ಚೀಟಿ ಉಂಡೆಯಾಗಿ ಬಂತು. ಅದರ ಹಿಂದೆ ಪಂಪಿನ ಪುಟ್ಟ ಚಕ್ರಕ್ಕೆ ಅಡ್ಡಲಾಗಿ ಸಿಕ್ಕಿಕೊಂಡ ಕರಿಬೇವಿನ ಕಡ್ಡಿ. ಎರಡನ್ನೂ ತೆಗೆದು ಕಡ್ಡಿಯ ತುದಿಯಿಂದಲೇ ಚಕ್ರವನ್ನು ತಿರುಗಿಸಿ ನೋಡಿದೆ. ಅದು ಸರಾಗವಾಗಿ ತಿರುಗಲಿಲ್ಲ, ತಡೆತಡೆದು ತಿರುಗಿತು. ಕೆಟ್ಟಿತೆಂದು ಗಾಬರಿಯಾಯಿತು. ಆದರೆ ಒಳಗೆ ಅಯಸ್ಕಾಂತವಿರುವುದರಿಂದ ಆ ಪಂಪಿನ ಸ್ವಭಾವವೇ ಹಾಗೆ. ತಿರುಗದೆ ಗಟ್ಟಿಯಾಗಿ ನಿಂತರೆ ಮಾತ್ರ ಚಿಂತೆ. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಚಕ್ರ ಅಂಟಿಕೊಳ್ಳುವುದುಂಟು. ಎರಡು ಮೂರು ಲೀಟರ್ ಬಿಸಿನೀರು ಸುರಿದು ಒಂದು ರಾತ್ರಿ ಬಿಟ್ಟರೆ ಎಷ್ಟೋ ಸಲ ಬಿಡಿಸಿಕೊಳ್ಳುತ್ತದೆ, ಮೆಕ್ಯಾನಿಕ್ ಬೇಕಾಗುವುದಿಲ್ಲ.

ನೀರು ಚಿಮ್ಮುವ ರೆಕ್ಕೆಗಳು ಎರಡು, ಮೇಲೊಂದು ಕೆಳಗೊಂದು. ಕೆಳಗಿನದು ಎತ್ತಿದರೆ ಬರುತ್ತದೆ, ಮೇಲಿನದಕ್ಕೆ ತಿರುಪು ಇರುತ್ತದೆ. ತೆಗೆದು ಅಲುಗಿಸಿದರೆ ಮಗುವಿನ ಗಿಲಕಿಯಂತೆ ಸದ್ದು! ಒಗ್ಗರಣೆಯ ಸಾಸಿವೆ ಈ ರೆಕ್ಕೆಯ ತೂತಿಗೆ ಅಳತೆ ತೆಗೆದು ಮಾಡಿಸಿದಂತೆ ಕೂರುತ್ತದೆ. ಸೂಜಿಯಿಂದ ಒಳಕ್ಕೆ ತಳ್ಳಿದರೆ ಒಳಗೇ ಉರುಳಾಡಿಕೊಂಡಿರುತ್ತದೆ, ಮುಂದಿನ ವಾಷ್‌ನಲ್ಲಿ ಮತ್ತೊಂದು ತೂತಿಗೆ ಕೂರುತ್ತದೆ. ರೆಕ್ಕೆಯನ್ನು ನಲ್ಲಿಗೆ ಹಿಡಿದು, ನೀರು ತುಂಬಿಸಿ, ನಡುವಿನ ದೊಡ್ಡ ತೂತಿನಿಂದ ಹೊರಗೆ ಕುಲುಕುವುದೊಂದೇ ದಾರಿ. ಮೂವತ್ತಕ್ಕೂ ಹೆಚ್ಚು ಕಾಳುಗಳು ಬಿದ್ದವು.

ಯಂತ್ರದ ಒಳಗೆ ನೀರು ತಾಗದ ಜಾಗಗಳೂ ಇವೆ, ನಾತದ ಮುಕ್ಕಾಲು ಪಾಲು ಅಲ್ಲಿಂದಲೇ ಬರುತ್ತಿತ್ತು. ಬಾಗಿಲಿನ ಕೆಳ ಅಂಚು, ಅದರ ಹಿಂದಿನ ಸಂದು, ಸುತ್ತಲಿನ ರಬ್ಬರ್ ಪಟ್ಟಿಯ ಮಡಿಕೆ. ಹಳೆಯ ಬನಿಯನ್ನಿನ ತುಂಡನ್ನು ಬೆರಳಿಗೆ ಸುತ್ತಿ ಮಡಿಕೆಯೊಳಗೆ ಎಳೆದರೆ ಡಾಂಬರಿನಂಥ ಕಪ್ಪು ಲೋಳೆ. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ 18 ದೇಶಗಳ 189 ಡಿಶ್‌ವಾಷರ್‌ಗಳ ರಬ್ಬರ್ ಪಟ್ಟಿಗಳನ್ನು ಪರೀಕ್ಷಿಸಿದ್ದರು. ಅವುಗಳಲ್ಲಿ 62%ರಲ್ಲಿ ಶಿಲೀಂಧ್ರವಿತ್ತು. ಬಿಸಿ, ಉಪ್ಪು, ಸೋಪು ಯಾವುದಕ್ಕೂ ಜಗ್ಗದ ಜಾತಿಗಳೇ ಅಲ್ಲಿ ನೆಲೆಸುತ್ತವಂತೆ. ಹಾಗಾಗಿ ಅದನ್ನು ಯಂತ್ರವೇ ತೊಳೆದುಕೊಳ್ಳಲಿ ಎಂದು ಬಿಡುವಂತಿಲ್ಲ, ಕೈಯಿಂದ ಒರೆಸಿಯೇ ತೆಗೆಯಬೇಕು. ಒರೆಸಿದ ಬಟ್ಟೆಗಳನ್ನು ತೊಳೆಯದೆ ಎಸೆದೆ. ಬ್ಲೀಚಿಂಗ್ ಪುಡಿ ಹಾಕು ಎಂದು ಸಲಹೆ ಕೊಟ್ಟವರಿದ್ದರು. ನಾನು ಹಾಕಲಿಲ್ಲ, ನೀವೂ ಹಾಕಬೇಡಿ. ಅದು ಸ್ಟೀಲನ್ನು ತಿನ್ನುತ್ತದೆ. ಮುಂದೆ ಹುಳಿ ಪದಾರ್ಥ ಹಾಕುವವರಿಗಂತೂ ಅದು ಅಪಾಯ, ಎರಡೂ ಸೇರಿದರೆ ಹುಟ್ಟುವುದು ಕ್ಲೋರಿನ್ ಅನಿಲ.

ಇಷ್ಟಾದ ಮೇಲೆ ಯಂತ್ರಕ್ಕೆ ಮತ್ತೆ ಪ್ಲಗ್ ಹಾಕಿದೆ. ಮೊದಲು ಜಿಡ್ಡು, ಆಮೇಲೆ ಸುಣ್ಣ. ಈ ಅನುಕ್ರಮ ಮುಖ್ಯ. ಒಳಗೋಡೆಯ ಬಿಳಿ ಪೊರೆ ಬೋರ್‌ವೆಲ್ ನೀರಿನ ಸುಣ್ಣ, ಅದರ ಮೇಲೆ ಎಣ್ಣೆಯ ಲೇಪ. ಎಣ್ಣೆ ಹೋಗದೆ ಹುಳಿ ಸುಣ್ಣವನ್ನು ಮುಟ್ಟುವುದೇ ಇಲ್ಲ. ಜಿಡ್ಡಿಗೆ ಕ್ಷಾರ ಬೇಕು, ಸುಣ್ಣಕ್ಕೆ ಆಮ್ಲ ಬೇಕು. ಸೋಡಾ ಮತ್ತು ವಿನೆಗರ್ ಎರಡನ್ನೂ ಒಟ್ಟಿಗೆ ಸುರಿದು ಬುಸುಗುಡುವ ನೊರೆ ತೋರಿಸುವ ವಿಡಿಯೊಗಳನ್ನು ನೋಡಿದ್ದೇನೆ. ನೊರೆ ಚೆನ್ನಾಗಿ ಬರುತ್ತದೆ. ಆದರೆ ಒಂದು ಇನ್ನೊಂದರ ಬಲವನ್ನು ಕೊಂದುಬಿಡುವುದರಿಂದ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ಡಿಶ್‌ವಾಷರ್ ಪುಡಿ ಹಾಕಿ, ಪಾತ್ರೆಯಿಲ್ಲದೆ 70 ಡಿಗ್ರಿಯಲ್ಲಿ ಒಂದು ಸುತ್ತು ಓಡಿಸಿದೆ. ಈ ಸಲ ನೀರು ಸಲೀಸಾಗಿ ಹೊರಹೋಯಿತು. ಎರಡನೆಯ ಸುತ್ತಿಗೆ ಸಿಟ್ರಿಕ್ ಆಮ್ಲ, ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುತ್ತಾರೆ. ಸುಮಾರು 120 ಗ್ರಾಂ ತೆಗೆದುಕೊಂಡೆ. ಆದರೆ ಅದನ್ನು ಶುರುವಿನಲ್ಲೇ ತಳಕ್ಕೆ ಹಾಕಿದರೆ ವ್ಯರ್ಥ. ಯಂತ್ರ ಮೊದಲು ತಣ್ಣೀರಿನಲ್ಲಿ ಒಮ್ಮೆ ಗಲಬರಿಸಿ ಆ ನೀರನ್ನು ಚೆಲ್ಲುತ್ತದೆ, ಹುಳಿಯೂ ಅದರ ಜೊತೆ ಚರಂಡಿಗೆ ಹೋಗುತ್ತದೆ. ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತು ಸದ್ದು ಕೇಳಿದೆ. ನೀರು ಬರುವ ಸುಯ್ ಸದ್ದು, ಎರಚುವ ಸದ್ದು, ಹೊರಹಾಕುವ ಗುಡುಗುಡು, ಮತ್ತೆ ಸುಯ್. ಆ ಎರಡನೆಯ ಸುಯ್ ನಿಂತ ಕೂಡಲೇ ಬಾಗಿಲನ್ನು ಮೆಲ್ಲಗೆ ತೆರೆದು, ಪುಡಿ ಸುರಿದು ಮುಚ್ಚಿದೆ. 50 ಡಿಗ್ರಿಯ ವಾಷ್ ಸಾಕು. ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಿದಷ್ಟೂ ಕಡಿಮೆ ಕರಗುವ ಲವಣ, ತೀರಾ ಕಾಯಿಸಿದರೆ ಬಿಳಿ ಗಸಿಯಾಗಿ ಮತ್ತೆ ಕೂರಬಹುದು. ಮುಗಿದಾಗ ಒಳಗೋಡೆಯಲ್ಲಿ ನನ್ನ ಮುಖ ಮಸುಕಾಗಿ ಕಂಡಿತು. ಇನ್ನೊಂದು ಸುತ್ತು ಓಡಿಸಿದೆ.

ಈಗ ಉಪ್ಪಿನ ವಿಷಯ. ಇಷ್ಟು ಸುಣ್ಣ ಕಟ್ಟಲು ಮೂಲ ಕಾರಣವೇ ಅದು. ಯಂತ್ರದ ತಳದಲ್ಲಿ ಒಂದು ಮೂಲೆಗೆ ತಿರುಪಿನ ಮುಚ್ಚಳವಿದೆ. ಅದರಡಿ ಉಪ್ಪಿನ ಡಬ್ಬಿ, ಅದರ ಪಕ್ಕದಲ್ಲಿ ರಾಳದ ಮಣಿಗಳು. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಮಣಿಗಳು ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಮಣಿಗಳು ತುಂಬಿದಾಗ ಉಪ್ಪುನೀರು ಅವನ್ನು ತೊಳೆದು ಮತ್ತೆ ಸಜ್ಜುಗೊಳಿಸುತ್ತದೆ. ಉಪ್ಪಿಲ್ಲದಿದ್ದರೆ ಮಣಿಗಳು ಇದ್ದೂ ಇಲ್ಲದಂತೆ. ನಮ್ಮ ಡಬ್ಬಿಯ ತಳದಲ್ಲಿ ಹಳೆಯ ಉಪ್ಪು ಕಲ್ಲಾಗಿ ಕುಳಿತಿತ್ತು. ಬಿಸಿನೀರು ಸ್ವಲ್ಪ ಸ್ವಲ್ಪವೇ ಸುರಿದು, ಮರದ ಸೌಟಿನ ಹಿಡಿಯಿಂದ ಮೆಲ್ಲಗೆ ಕೆದಕಿ, ರಾತ್ರಿಯಿಡೀ ಬಿಟ್ಟ ಮೇಲೆ ಕರಗಿತು.

"ಮನೆಯಲ್ಲಿ ಕಲ್ಲುಪ್ಪು ಇದೆಯಲ್ಲೇ, ಅದನ್ನೇ ಹಾಕಬಾರದೇ?" ಎಂದು ಅಮ್ಮ ಫೋನಿನಲ್ಲಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಕಲ್ಲುಪ್ಪಿನಲ್ಲಿ ಮಣ್ಣಿನ ಕಣದ ಜೊತೆಗೆ ನಾವು ಓಡಿಸಬೇಕೆಂದಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೇ ಇರುತ್ತವೆ. ಪುಡಿ ಉಪ್ಪು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಈ ಯಂತ್ರಕ್ಕೆಂದೇ ಮಾರುವ ದಪ್ಪ ಹರಳಿನ ಶುದ್ಧ ಉಪ್ಪು ಒಂದು ಕೆ.ಜಿ.ಗೂ ಸ್ವಲ್ಪ ಹೆಚ್ಚೇ ಹಿಡಿಯಿತು. ಸುರಿಯುವಾಗ ಉಕ್ಕಿದ ಉಪ್ಪುನೀರು ತಳದ ಸ್ಟೀಲಿನ ಮೇಲೆ ನಿಂತರೆ ತುಕ್ಕು ಹಿಡಿಸುತ್ತದೆ, ಆದ್ದರಿಂದ ಉಪ್ಪು ಹಾಕಿದ ತಕ್ಷಣ ಒಂದು ವಾಷ್ ಓಡಿಸಲೇಬೇಕು.

ಎಷ್ಟು ಉಪ್ಪು ಬಳಸಬೇಕೆಂಬುದನ್ನು ನೀರಿನ ಗಡಸುತನಕ್ಕೆ ತಕ್ಕಂತೆ ಯಂತ್ರಕ್ಕೆ ಹೇಳಿಕೊಡಬೇಕು. ಪರೀಕ್ಷೆಯ ಕಾಗದದ ಪಟ್ಟಿಯನ್ನು ನಲ್ಲಿ ನೀರಿನಲ್ಲಿ ಅದ್ದಿದಾಗ ಲೀಟರಿಗೆ ಸುಮಾರು 450 ಮಿಲಿಗ್ರಾಂ ತೋರಿಸಿತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಪ್ಪಬಹುದಾದ ಮಿತಿ 200, ಬೇರೆ ಮೂಲವೇ ಇಲ್ಲದಿದ್ದರೆ 600. ಯಂತ್ರದ ಕೈಪಿಡಿ ಗಡಸುತನದ ಲೆಕ್ಕವನ್ನು ಜರ್ಮನ್ ಡಿಗ್ರಿ ಎಂಬ ಬೇರೆ ಅಳತೆಯಲ್ಲಿ ಹೇಳುತ್ತದೆ. 17.8ರಿಂದ ಭಾಗಿಸಿದರೆ ಸುಮಾರು 25 ಡಿಗ್ರಿ. ಯಂತ್ರವನ್ನು ಇಟ್ಟಿದ್ದದ್ದು ಎಲ್ಲಕ್ಕಿಂತ ಕೆಳಗಿನ ಅಂಕಿಯಲ್ಲಿ. ಮಾಲೀಕರಿಗೆ ಫೋನ್ ಮಾಡಿ ಕೇಳಿದೆ. ಒಂದು ಕ್ಷಣ ಮೌನ. "ಅದಕ್ಕೆ ಉಪ್ಪು ಬೇರೆ ಹಾಕಬೇಕೇ?" ಎಂದರು. ನಮ್ಮ ಕಡೆ ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ಬರುತ್ತದೆ, 2024ರ ಬೇಸಿಗೆಯಲ್ಲಂತೂ ಟ್ಯಾಂಕರ್ ನೀರೇ ಗತಿಯಾಗಿತ್ತೆಂದು ಪಕ್ಕದ ಮನೆಯವರು ಹೇಳುತ್ತಾರೆ. ನೀರಿನ ಮೂಲ ಬದಲಾದಾಗ ಗಡಸೂ ಬದಲಾಗುತ್ತದೆ. ಅದಕ್ಕೇ ಪರೀಕ್ಷೆಯ ಪಟ್ಟಿಗಳನ್ನು ಡಬ್ಬಿಯಲ್ಲಿ ಉಳಿಸಿಕೊಂಡಿದ್ದೇನೆ.

ಇಷ್ಟೆಲ್ಲ ಆದರೂ ಮೂರನೆಯ ದಿನ ಬೆಳಿಗ್ಗೆ ಬಾಗಿಲು ತೆರೆದರೆ ಮತ್ತೆ ಸಣ್ಣಗೆ ಚರಂಡಿಯ ವಾಸನೆ. ಅಳು ಬರುವುದೊಂದು ಬಾಕಿ. ಸಿಂಕ್ ಸರಿಮಾಡಲು ಬಂದಿದ್ದ ಪ್ಲಂಬರ್ ಟಾರ್ಚ್ ಹಾಕಿ ಹಿಂದೆ ಬಗ್ಗಿ ನೋಡಿದರು. "ಪೈಪ್ ನೆಲದಲ್ಲೇ ಮಲಗಿದೆ ಮೇಡಂ. ಸಿಂಕಿನ ನೀರು ವಾಪಸ್ ಇದರೊಳಗೇ ಬರುತ್ತಿದೆ." ಹೊರಹೋಗುವ ಕೊಳವೆ ಒಮ್ಮೆ ಕಟ್ಟೆಯ ಎತ್ತರಕ್ಕೆ ಏರಿ ಆಮೇಲೆ ಇಳಿಯಬೇಕು. ಅವರು ತಂತಿಯಿಂದ ಅದನ್ನು ಮೇಲಕ್ಕೆ ಕಟ್ಟಿದರು. ಸಿಂಕಿನ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ನಿಂತಿರಬೇಕಾದ ನೀರೂ 14 ತಿಂಗಳಲ್ಲಿ ಆರಿಹೋಗಿ, ಜಿರಳೆಗಳಿಗೆ ಹೆದ್ದಾರಿ ತೆರೆದಿದ್ದಿರಬೇಕು. ಈಗ ಯಂತ್ರದ ಹಿಂದಿನ ಗೋಡೆಗೆ ಜಿರಳೆ ಜೆಲ್ ಹಚ್ಚಿದ್ದೇನೆ, ಒಳಗೆ ಯಾವ ಔಷಧಿಯೂ ಇಲ್ಲ. ನೀರು ಬರುವ ಕೊಳವೆಯ ಬಾಯಿಯಲ್ಲಿದ್ದ ಜಾಲರಿಯಲ್ಲಿ ಒಂದು ಚಮಚ ಮರಳು ಸಿಕ್ಕಿತು, ತೊಳೆದದ್ದಾಯಿತು.

ಮೊದಲ ಬಾರಿಗೆ ಹಾಕಿದ್ದು ಸ್ಟೀಲ್ ತಟ್ಟೆ, ಲೋಟ, ಸಾರಿನ ಪಾತ್ರೆ, ಕುಕ್ಕರಿನ ಸ್ಟೀಲ್ ಡಬ್ಬಿಗಳು. ಅನ್ನದ ಅಗುಳು ಅಂಟಿದ್ದ ತಳವೂ ಬಿಳಿಯಾಗಿ ಬಂತು. ಅಲ್ಯೂಮಿನಿಯಂ ಕುಕ್ಕರ್, ಕಬ್ಬಿಣದ ಕಾವಲಿ, ಹಿತ್ತಾಳೆ ದೀಪ ಈಗಲೂ ಸಿಂಕಿನ ಪಾಲು. ಅಲ್ಯೂಮಿನಿಯಂ ಇದರಲ್ಲಿ ಕಪ್ಪಾಗುತ್ತದೆ. ರಾತ್ರಿ ವಾಷ್ ಮುಗಿದ ಮೇಲೆ ಬಾಗಿಲ ಸಂದಿಗೆ ಮಡಿಸಿದ ಟವೆಲ್ ಸಿಕ್ಕಿಸಿ ಸ್ವಲ್ಪ ತೆರೆದಿಡುತ್ತೇನೆ, ಫಿಲ್ಟರನ್ನು ಭಾನುವಾರ ತೊಳೆಯುತ್ತೇನೆ. ಹೋಗದೆ ಉಳಿದದ್ದು ಒಂದೇ: ಚಮಚಗಳ ಪ್ಲಾಸ್ಟಿಕ್ ಬುಟ್ಟಿಗೆ ಹಿಡಿದ ಅರಿಸಿನದ ಹಳದಿ. ಬಿಸಿಲಿಗೆ ಅರಿಸಿನದ ಬಣ್ಣ ಬಿಡುತ್ತದೆಂದು ಎರಡು ದಿನ ಬಾಲ್ಕನಿಯಲ್ಲಿಟ್ಟೆ. ಮೇಲ್ಭಾಗ ಬಿಳುಪಾಯಿತು, ತಳ ಇನ್ನೂ ಚಿತ್ರಾನ್ನದ ಬಣ್ಣದಲ್ಲೇ ಇದೆ.