ಹಿತ್ತಿಲಲ್ಲಿ ಮೀನು, ಜಲ್ಲಿ ಮೇಲೆ ಸೊಪ್ಪು

2023ರಲ್ಲಿ ಕೆಆರ್‌ಎಸ್ ತುಂಬಲಿಲ್ಲ. ಮಂಡ್ಯ ಪಕ್ಕದ ನಮ್ಮೂರಲ್ಲಿ ನಾಲೆ ನಂಬಿಕೊಂಡ ಗದ್ದೆಗಳು ಬೀಳು ಬಿದ್ದವು. ಹಿತ್ತಿಲ ಬೋರ್‌ವೆಲ್‌ನಲ್ಲೂ ನೀರು ಕಮ್ಮಿ. ಅಕ್ವಾಪೋನಿಕ್ಸ್ ಹುಚ್ಚು ಹಿಡಿದಿದ್ದು ಆಗಲೇ. ಮೀನಿನ ತೊಟ್ಟಿ ನೀರನ್ನು ಸೊಪ್ಪಿನ ಬೇರಿಗೆ ಹರಿಸೋದು, ಅಲ್ಲಿಂದ ಇಳಿದ ನೀರನ್ನು ವಾಪಸ್ ಮೀನಿಗೆ ಬಿಡೋದು. ಮಣ್ಣಿಲ್ಲ, ಯೂರಿಯಾ ಇಲ್ಲ. ಆವಿಯಾದಷ್ಟು, ಗಿಡ ಕುಡಿದಷ್ಟು ನೀರು ತುಂಬಿಸಿದರೆ ಸಾಕು.

ಸಾವಿರ ಲೀಟರಿನ ಹಳೇ ಟ್ಯಾಂಕು ಮೀನಿಗೆ. ಉದ್ದಕ್ಕೆ ಸೀಳಿದ ಡ್ರಮ್ಮುಗಳಿಗೆ ಜಲ್ಲಿ ತುಂಬಿ ಸೊಪ್ಪಿಗೆ. ಜಲ್ಲಿ ತರುವಾಗ ಒಂದು ಹಿಡಿಗೆ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಸುಣ್ಣದ ಕಲ್ಲು, ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ, 7 ದಾಟಿದರೆ ಕ್ಷಾರ) ಏರುತ್ತಲೇ ಇರುತ್ತದೆ.

ಮರಿ ಕೊಟ್ಟವರು "ನಾಳೆನೇ ಬಿಡಿ ಸಾರ್, ಏನೂ ಆಗಲ್ಲ" ಅಂದರು. ಐವತ್ತು ಗೆಂಡೆ ಮರಿ ಬಿಟ್ಟೆ. ಐದನೇ ದಿನ ಬೆಳಗ್ಗೆ ಅರ್ಧಕ್ಕರ್ಧ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಉಳಿದವು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ವಾರದೊಳಗೆ ಅವೂ ಹೋದವು.

ಆಮೇಲೆ ಗೊತ್ತಾಗಿದ್ದು: ಮೀನಿನ ಕಿವಿರಿನಿಂದ, ಹಿಕ್ಕೆಯಿಂದ ಅಮೋನಿಯಾ ಬರುತ್ತದೆ. ಜಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲೆರಡೂ ಮೀನಿಗೆ ವಿಷ, ಮೂರನೆಯದು ಗಿಡಕ್ಕೆ ಊಟ. ಆ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಬೋರ್‌ವೆಲ್ ನೀರಿನ ಪಿಎಚ್ ಬೇರೆ 8ರ ಹತ್ತಿರ. ಪಿಎಚ್ ಜಾಸ್ತಿ ಇದ್ದಷ್ಟೂ ಅಮೋನಿಯಾದ ವಿಷವೂ ಜಾಸ್ತಿ.

ಎರಡನೇ ಸಲ ಮೀನೇ ಬಿಡಲಿಲ್ಲ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ ಕೊಳೆಯಲು ಬಿಟ್ಟೆ, ಅದರಿಂದ ಬರೋ ಅಮೋನಿಯಾದಲ್ಲಿ ಬ್ಯಾಕ್ಟೀರಿಯಾ ಬೆಳೆಯಲಿ ಅಂತ. ಅಕ್ವೇರಿಯಂ ಅಂಗಡಿಯ ಕಿಟ್‌ನಲ್ಲಿ ನೀರಿಗೆ ಹನಿ ಬಿಟ್ಟರೆ ಹಸಿರು, ಅಂದರೆ ಅಮೋನಿಯಾ ಇದೆ. ವಾರಗಟ್ಟಲೆ ಹಸಿರೇ. ಅವ್ವ ಬೇರೆ, "ಏನ್ಲಾ, ಮೀನಿಲ್ಲ ಸೊಪ್ಪಿಲ್ಲ, ಖಾಲಿ ನೀರಿಗೆ ಕರೆಂಟ್ ಸುಡ್ತಾ ಕುಂತಿದ್ದೀಯಲ್ಲ!" ಅಂತ ದಿನಾ ರೇಗಿಸೋಳು. ಆರನೇ ವಾರ ಹನಿ ಬಿಟ್ಟು ಕಾದೆ. ಹಳದಿ! ನೈಟ್ರೈಟೂ ಇಳಿದಿತ್ತು. ಅವತ್ತೇ ಇಪ್ಪತ್ತು ಮರಿ ತಂದೆ. ಒಂದೂ ಸಾಯಲಿಲ್ಲ.

ದಂಟು, ಪಾಲಕ್, ಪುದೀನ ಚೆನ್ನಾಗಿ ಬಂದವು. ಟೊಮೆಟೊ ಮಾತ್ರ ಸೊರಗಿತು. ಎಳೇ ಎಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣದ ಕೊರತೆ. ಮೀನಿನ ಆಹಾರದಿಂದ ಕಬ್ಬಿಣ ಸಾಕಾಗಲ್ಲ, ಪಿಎಚ್ ಜಾಸ್ತಿ ಇದ್ದರೆ ಇರೋದೂ ಗಿಡಕ್ಕೆ ಸಿಗಲ್ಲ. ಕೀಲೇಟ್ ಮಾಡಿದ, ಅಂದರೆ ನೀರಲ್ಲಿ ಕರಗಿಯೇ ಉಳಿದು ಗಿಡಕ್ಕೆ ಸಿಗುವ ಕಬ್ಬಿಣ ಸ್ವಲ್ಪ ಸ್ವಲ್ಪ ಹಾಕಿದ ಮೇಲೆ ಹೊಸ ಎಲೆ ಹಸಿರಾಗಿ ಬಂತು. ಹೇನು ಹತ್ತಿದರೆ ಬೇವಿನ ಎಣ್ಣೆ ಕೂಡ ಹೊಡೆಯೋ ಹಾಗಿಲ್ಲ, ತೊಟ್ಟಿಕ್ಕಿ ಮೀನಿಗೆ ಹೋಗುತ್ತದೆ. ಪೈಪಿನ ನೀರು ರಭಸವಾಗಿ ಬಿಟ್ಟು ಉದುರಿಸುತ್ತೇನೆ.

ದೊಡ್ಡ ತಲೆನೋವು ಕರೆಂಟು. ರಾತ್ರಿ ಹೋದರೆ ಮೋಟಾರು ನಿಂತು, ಬೆಳಗಿನ ಹೊತ್ತಿಗೆ ಮೀನಿಗೆ ಗಾಳಿ ಸಾಲದು. ಈಗ ಬ್ಯಾಟರಿ ಮೇಲೆ ಓಡುವ ಚಿಕ್ಕ ಗಾಳಿ ಪಂಪ್ ಇಟ್ಟಿದ್ದೇನೆ. ಇದಿಲ್ಲದೆ ಯಾರೂ ಶುರು ಮಾಡಬೇಡಿ.

ದುಡ್ಡಿನ ಲೆಕ್ಕ ಕೇಳಿದರೆ, ಮೀನಿನಲ್ಲಿ ಲಾಭ ಇಲ್ಲ. ಆಹಾರಕ್ಕೆ ಸುರಿದ ದುಡ್ಡಿಗೆ ಸಂತೆಯಲ್ಲೇ ಮೀನು ಸಿಗುತ್ತಿತ್ತು. ಸೊಪ್ಪು ಮಾತ್ರ ಕೊಂಡಿಲ್ಲ. ಮೊನ್ನೆ ಮಸ್ಸೊಪ್ಪಿಗೆ ಅಂತ ಅವ್ವನೇ ಬಂದು ದಂಟು ಕಿತ್ತಳು. ಮೂರು ಸಲ ತೊಳೆದಳು. ನಾನು ನಕ್ಕೆ. "ಮೀನ್ ನೀರು ಕಣ್ಲಾ" ಅಂದು ನಾಲ್ಕನೇ ಸಲಕ್ಕೆ ನೀರು ಹಿಡಿದಳು.