ಯೂನಿವರ್ಸಿಟಿ ಪೇಪರ್ ಹುಡುಕ್ಕೊಂಡು ಟೈಲರ್ ಅಂಗಡಿಗೆ ಹೋಗಿದ್ದು (ನನ್ನ ಅನುಭವ)

ನಮ್ಮ ಪತ್ರಿಕೋದ್ಯಮ ವಿಭಾಗದ ಪ್ರಾಯೋಗಿಕ ಪತ್ರಿಕೆ (ಕಲಿಯೋಕೆ ಅಂತ ಸ್ಟೂಡೆಂಟ್ಸೇ ತರೋ ಪೇಪರ್) ಹಳೇ ಸಂಚಿಕೆಗಳನ್ನ ಒಟ್ಟು ಮಾಡಿ ಹಿಸ್ಟರಿ ಬರೀತೀನಿ ಅಂದಾಗ ಸ್ಟಾಫ್ ರೂಮಲ್ಲಿ ನಕ್ಕಿದ್ರು. ‘ಅದೆಲ್ಲಾ ರದ್ದಿಗೆ ಹೋಗಿ ಯಾವ ಕಾಲ ಆಯ್ತು ಸಾರ್, ಬಿಡಿ’ ಅಂತ. ರದ್ದಿಗೆ ಹೋಗಿದ್ದು ನಿಜಾನೇ. ಆದ್ರೂ ಇವತ್ತು ನನ್ನ ಹಾರ್ಡ್ ಡಿಸ್ಕಲ್ಲಿ 1984ರಿಂದ ಈಚಿನ ಹತ್ತಿರ ಹತ್ತಿರ 210 ಸಂಚಿಕೆ ಇದಾವೆ, ಬಂದಿದ್ದೇ ಒಟ್ಟು 250 ಚಿಲ್ಲರೆ ಇರ್ಬೇಕು. ನಕ್ಕೋರೇ ಈಗ ಪೆನ್ ಡ್ರೈವ್ ಹಿಡ್ಕೊಂಡು ಬರ್ತಿದಾರೆ.

ಮೊದಲ ಮೂರು ತಿಂಗಳು ಪೂರ್ತಿ ವೇಸ್ಟ್. ಲೈಬ್ರರಿಲಿ ಒಂದು ಕಾಪಿನೂ ಇರ್ಲಿಲ್ಲ, ‘ಖಾಸಗಿ ಪ್ರಸಾರಕ್ಕೆ ಮಾತ್ರ’ ಅಂತ ಕೊನೇ ಪೇಜ್ ಕೆಳಗೆ ಹಾಕ್ತೀವಲ್ಲ, ಅಂಥ ಪೇಪರನ್ನ ಲೈಬ್ರರಿಯೋರು ಯಾಕೆ ಎಂಟ್ರಿ ಮಾಡ್ತಾರೆ. ಹಳೇ ಸ್ಟೂಡೆಂಟ್ಸ್ ವಾಟ್ಸಾಪ್ ಗ್ರೂಪಲ್ಲಿ ಹಾಕ್ದೆ, ನೂರಕ್ಕೂ ಜಾಸ್ತಿ ಜನ ಹಾರ್ಟ್ ಒತ್ತಿದ್ರು, ಬಂದಿದ್ದು ಎಂಟು ಸಂಚಿಕೆ. ಅದ್ರಲ್ಲೂ ಐದು ಬರೀ ತುಂಡು, ತಮ್ಮ ಬೈಲೈನ್ (ಬರೆದೋರ ಹೆಸರು) ಇರೋ ಭಾಗ ಕತ್ತರಿಸಿಟ್ಕೊಂಡು ಉಳಿದಿದ್ದನ್ನ ಬಿಸಾಕಿದಾರೆ ಪುಣ್ಯಾತ್ಮರು.

ಆಮೇಲೆ ಹೊಳೀತು, ಜಾಹೀರಾತು ಕೊಟ್ಟೋರಿಗೆ ಒಂದು ಕಾಪಿ ತಲುಪಿಸಲೇಬೇಕಿತ್ತಲ್ಲ, ದುಡ್ಡು ವಸೂಲಿಗೆ. ಸಿಕ್ಕಿದ್ದ ಎಂಟರಲ್ಲಿದ್ದ ಜಾಹೀರಾತುಗಳ ಲಿಸ್ಟ್ ಮಾಡ್ಕೊಂಡು ಸ್ಕೂಟರ್ ಹತ್ತಿದೆ. ಅರ್ಧ ಅಂಗಡಿ ಮುಚ್ಚೋಗಿತ್ತು. ಆದ್ರೆ ಬಸ್ ಸ್ಟ್ಯಾಂಡ್ ಹಿಂದಿನ ಟೈಲರ್ ಒಬ್ರು ಕಟಿಂಗ್ ಟೇಬಲ್ ಮೇಲಿದ್ದ ಬಟ್ಟೆ ಸರಿಸಿ, ಸೀಮೆಸುಣ್ಣದ ಪುಡಿ ಅಂಗೈಲಿ ಒರೆಸಿ ತೋರಿಸಿದ್ರು, ಗಾಜಿನ ಕೆಳಗೆ ಪೂರ್ತಿ ಸಂಚಿಕೆ, ಅವರ ‘ಸೂಟು ಸಫಾರಿ ಸ್ಪೆಷಲಿಸ್ಟ್’ ಜಾಹೀರಾತು ಮೇಲೆ ಬರೋ ಹಾಗೆ ಮಡಚಿದ್ದು. ಆ ಗಾಜು ಎತ್ತಿಸೋಕೆ ಎರಡು ಪ್ಯಾಂಟು ಹೊಲಿಸಬೇಕಾಯ್ತು.

ದೊಡ್ಡ ಗಂಟು ಸಿಕ್ಕಿದ್ದು ಪ್ರಿಂಟಿಂಗ್ ಪ್ರೆಸ್ಸಲ್ಲಿ. ಅಚ್ಚಿನ ಮೊಳೆ ಒಂದೊಂದಾಗಿ ಜೋಡಿಸೋ ಕಾಲದಿಂದ ನಮ್ಮ ಪೇಪರ್ ಹೊಡೀತಿದ್ದ ಯಜಮಾನ್ರು ಪ್ರತಿ ಬಿಲ್ಲಿಗೂ ಸಂಚಿಕೆ ಪಿನ್ ಮಾಡಿ ಫೈಲ್ ಮಾಡಿದ್ರು. ಬಿಲ್ ಪಾಸಾದ ಮೇಲೆ ಆ ಫೈಲ್ ತೂಕಕ್ಕೆ ಹಾಕಿಬಿಡ್ತಿದ್ರಂತೆ, ಪಾಸಾಗದೇ ಇದ್ದಿದ್ದು ಮಾತ್ರ ಅಟ್ಟದ ಮೇಲೆ. ನೂರಿಪ್ಪತ್ತು ಸಂಚಿಕೆ ಅಟ್ಟದ ಮೇಲಿತ್ತು ಅಂದ್ರೆ ನೀವೇ ಲೆಕ್ಕ ಹಾಕ್ಕೊಳ್ಳಿ.

ಸ್ಕ್ಯಾನಿಂಗ್ ಕಥೆ ಬೇರೆ. ಅಂಗಡಿಯೋನು ಪೇಜಿಗೆ 40 ರೂಪಾಯಿ ಕೇಳ್ದ, 850 ಪೇಜಿಗೆ ಎಲ್ಲಿಂದ ತರ್ಲಿ. ವಿಭಾಗದಿಂದ 5 ಸಾವಿರ ಕೊಡ್ತೀವಿ, ಮೂರು ಕೊಟೇಶನ್ ತನ್ನಿ ಅಂದ್ರು, ತಂದೆ, ಅದು ಇನ್ನೂ ಬರ್ತಾನೇ ಇದೆ. ಮನೇಲಿ ಎ4 ಸ್ಕ್ಯಾನರಲ್ಲಿ ಅರ್ಧ ಅರ್ಧ ಮಾಡಿ ಜೋಡಿಸಿದ್ರೆ ಕಾಲಮ್ಮು ಸೊಟ್ಟ. ಮಡಿಕೆ ಹೋಗ್ಲಿ ಅಂತ ಇಸ್ತ್ರಿ ಹಾಕಿದ್ದು ಮಾತ್ರ ನನ್ನ ದೊಡ್ಡ ತಪ್ಪು, 1987ರ ಒಂದು ಸಂಚಿಕೆ ಹಪ್ಪಳ ಆಯ್ತು. ಕೊನೆಗೆ 350 ರೂಪಾಯಿ ಗಾಜು, ಎರಡು ಎಲ್‌ಇಡಿ ಟ್ಯೂಬು, ಮೊಬೈಲು, ಅಷ್ಟೇ. ಗಾಜಿನ ಹೊಳಪು ಹೇಗೆ ಕಳೆದೆ, ಮಡಿಕೆ ಹೇಗೆ ಬಿಡಿಸಿದೆ ಅನ್ನೋದು ಇಲ್ಲಿ ಬರೆಯಲ್ಲ, ಚಹಾ ಕುಡಿಸಿದ್ರೆ ಹೇಳ್ತೀನಿ.

ತಾರೀಖು ಹಾಕದ ಸಂಚಿಕೆ ಮೂವತ್ತರ ಮೇಲಿದ್ವು, ಗೈಡ್ (ಪೇಪರ್ ನೋಡ್ಕೊಳ್ಳೋ ಮೇಷ್ಟ್ರು) ಬದಲಾದಾಗೆಲ್ಲ ಸಂಪುಟ ಒಂದರಿಂದ ಶುರು. ರಾಜ್‌ಕುಮಾರ್ ಅಪಹರಣದ ಸುದ್ದಿ ಇದ್ರೆ 2000 ಅಂತ ಹೇಳ್ಬಹುದು, ಉಳಿದಿದ್ದಕ್ಕೆ ಬ್ಲಾಕ್, ಅಂದ್ರೆ ಫೋಟೋ ಒತ್ತೋ ಲೋಹದ ಅಚ್ಚಿನ ಗುರುತು ನೋಡ್ದೆ. ಕುಲಪತಿಗಳ ಫೋಟೋಗೆ ಒಂದೇ ಬ್ಲಾಕನ್ನ ವರ್ಷಗಟ್ಟಲೆ ಬಳಸಿದಾರೆ, ಸವೆದು ಸವೆದು ಸಾಹೇಬ್ರ ಮೂಗಿನ ಮೇಲೊಂದು ಬಿಳೀ ಚುಕ್ಕೆ ದೊಡ್ಡದಾಗ್ತಾ ಹೋಗಿದೆ. ಚುಕ್ಕೆ ಸೈಜ್ ಪ್ರಕಾರ ಜೋಡಿಸಿದೆ, ಆಮೇಲೆ ಬಿಲ್ ಜೊತೆ ತಾಳೆ ನೋಡಿದ್ರೆ ಎರಡೇ ಎರಡು ತಪ್ಪು!

ಡಿಟಿಪಿ ಕಾಲದ್ದು, ಅಂದ್ರೆ ಕಂಪ್ಯೂಟರಲ್ಲಿ ಪುಟ ಕಟ್ಟಿದ್ದು, ಸುಲಭ ಅನ್ಕೊಂಡಿದ್ದೆ. ಪೇಜ್‌ಮೇಕರ್ ಅನ್ನೋ ಹಳೇ ಸಾಫ್ಟ್‌ವೇರಿನ ಫೈಲುಗಳು ಇನ್‌ಡಿಸೈನ್ ಸಿಎಸ್6 ಅನ್ನೋದ್ರಲ್ಲಿ ತೆರೆದ್ಕೊಂಡ್ವು, ಅದಕ್ಕಿಂತ ಹೊಸದರಲ್ಲಿ ಇಲ್ಲ. ಅಕ್ಷರಗಳನ್ನ ಹಳೇ ‘ನುಡಿ’ ಫಾಂಟಿಂದ ಈಗಿನ ಯೂನಿಕೋಡಿಗೆ ಹಾಕಿ ‘ಕರ್ನಾಟಕ’ ಅಂತ ಸರ್ಚ್ ಕೊಟ್ರೆ ಸೊನ್ನೆ. ನಮ್ಮ ಪೇಪರಲ್ಲಿ ಇಪ್ಪತ್ತು ವರ್ಷ ಕರ್ನಾಟಕವೇ ಇಲ್ವಾ ಅಂತ ನೋಡಿದ್ರೆ, ಟೈಪ್ ಮಾಡಿದೋರು ಅರ್ಕಾವೊತ್ತಿನ (ಅರ್ಧ ‘ರ’ ಗುರುತಿನ) ಬದಲು ಅದರ ಥರಾನೇ ಕಾಣೋ ಕನ್ನಡದ ಒಂಬತ್ತು ಒತ್ತಿದಾರೆ, ಎಲ್ಲಾ ಕಡೆ ‘ಕನಾ೯ಟಕ’. ಕಣ್ಮುಚ್ಚಿ ರೀಪ್ಲೇಸ್ ಕೊಟ್ಟೆ, ಇಸವಿಗಳಲ್ಲಿದ್ದ ಒಂಬತ್ತೂ ಹಾಳಾಗಿ ಒಂದು ವಾರ ಹೋಯ್ತು.

ಮಧ್ಯದಲ್ಲಿ ಹಳೇದೆಲ್ಲಾ ಓದಿದೆ. ಅಮೆರಿಕದ ಮಿಸೌರಿಯಲ್ಲಿ 1908ರಲ್ಲಿ ಪತ್ರಿಕೋದ್ಯಮ ಶಾಲೆ ಶುರುವಾದ ದಿನವೇ ವಿದ್ಯಾರ್ಥಿಗಳ ಪೇಪರೂ ಹೊರಗೆ ಬಂತು, ಊರಿನ ಜನ ಓದೋ ಪೇಪರ್. ಅಲ್ಲಿ ಓದಿ ಬಂದ ನಾಡಿಗ ಕೃಷ್ಣಮೂರ್ತಿಯವರು 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಲ್ಲಿ ಪತ್ರಿಕೋದ್ಯಮದ ಕೋರ್ಸ್ ಕಟ್ಟಿದ್ರು. ನಮ್ಮಲ್ಲಿ ಈಗ ಸ್ಟೂಡೆಂಟ್ಸ್ ಪೇಪರ್ ಇಂಟರ್ನಲ್ ಮಾರ್ಕ್ಸಿಗೆ ಅಂತ ಆಗಿದೆ. 80ರ ದಶಕದ ಸಂಚಿಕೆಗಳಲ್ಲಿ ಹಾಸ್ಟೆಲ್ ಊಟ, ನಲ್ಲಿ ನೀರು, ಚರಂಡಿ ಎಲ್ಲಾ ಇದೆ. ಈಚಿನದರಲ್ಲಿ ಸೆಮಿನಾರ್ ಉದ್ಘಾಟನೆ ದೀಪ ಹಚ್ಚೋ ಫೋಟೋನೇ ಜಾಸ್ತಿ.

ಒಟ್ಟು ಖರ್ಚು 11 ಸಾವಿರದ ಆಸುಪಾಸು, ಪೆಟ್ರೋಲು, ಪ್ಯಾಂಟು ಸೇರಿ. ಮೊನ್ನೆ ಪ್ರೆಸ್ಸಿಗೆ ಫೈಲ್ ವಾಪಸ್ ಕೊಡೋಕೆ ಹೋದಾಗ ಯಜಮಾನ್ರು ಎಲ್ಲಾ ಬಿಲ್ಲೂ ಕೂಡಿ ಒಂದು ಚೀಟಿಲಿ ಬರೆದಿಟ್ಟಿದ್ರು. ‘ಹಿಸ್ಟರಿ ಮುಗೀತಲ್ಲ ಮೇಷ್ಟ್ರೇ, ಇದನ್ನೂ ಒಂಚೂರು ನಿಮ್ಮ ಆಫೀಸಲ್ಲಿ ನೋಡಿ’ ಅಂತ ಜೇಬಿಗೆ ಹಾಕಿದ್ರು. ಚೀಟಿ ಇನ್ನೂ ಜೇಬಲ್ಲೇ ಇದೆ.